ಮಣ್ಣು ನುಂಗಿದ ಜಲ್ಲಿ

ಮುಖ್ಯರಸ್ತೆಯಿಂದ ನಮ್ಮ ಮನೆಯ ಅಂಗಳದವರೆಗಿನ ದಾರಿ 180 ಮೀಟರ್ ಉದ್ದವಿದೆ. ಆ ದಾರಿಗೆ ನಾನು ನಾಲ್ಕು ವರ್ಷ, ವರ್ಷಕ್ಕೆ ಎರಡು ಟಿಪ್ಪರಿನಂತೆ ಜಲ್ಲಿ ಹಾಕಿಸಿದ್ದೆ. ಪ್ರತಿ ಸಲ ಮಳೆಗಾಲ ಮುಗಿದ ಕೂಡಲೇ ಜಲ್ಲಿ ಬರುತ್ತಿತ್ತು, ಹರಡುತ್ತಿದ್ದೆವು, ಒಂದೆರಡು ತಿಂಗಳು ದಾರಿ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತಿತ್ತು. ಮುಂದಿನ ಮಳೆಗಾಲದ ನಡುವೆ ಮತ್ತದೇ ಕೆಸರು, ಮತ್ತದೇ ಎರಡು ಚಕ್ರದ ಜಾಡು, ಆ ಜಾಡಿನಲ್ಲಿ ನಿಂತ ಕಂದು ನೀರು. ಎಂಟು ಟಿಪ್ಪರ್ ಕಲ್ಲು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ನನಗೆ ಬಂದದ್ದು ಐದನೆಯ ವರ್ಷ. ಅಲ್ಲಿಯವರೆಗೆ ಬಾರದಿದ್ದುದಕ್ಕೆ ಈಗ ನಾಚಿಕೆಯಾಗುತ್ತದೆ.

ಉತ್ತರ ಹುಡುಕಲು ದಾರಿಯ ನಡುವೆಯೇ ಮೊಣಕಾಲಿನಷ್ಟು ಆಳದ ಒಂದು ಗುಂಡಿ ತೋಡಿದೆ. ಜಲ್ಲಿ ಎಲ್ಲಿಗೂ ಹೋಗಿರಲಿಲ್ಲ, ನೇರವಾಗಿ ಕೆಳಕ್ಕೆ ಇಳಿದಿತ್ತು. ಗುಂಡಿಯ ಗೋಡೆಯಲ್ಲಿ ಸುಮಾರು 40 ಸೆಂಟಿಮೀಟರ್ ಆಳದವರೆಗೂ ಕಲ್ಲುಗಳು ಜೇಡಿಮಣ್ಣಿನಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡು ನಿಂತಿದ್ದವು, ಒಂದಕ್ಕೊಂದು ತಾಗದೆ, ಹಿಟ್ಟಿನಲ್ಲಿ ಕಲಸಿದ ಕಡಲೆಕಾಳಿನಂತೆ. ಒದ್ದೆಯಾದ ಜೇಡಿಮಣ್ಣಿನ ಮೇಲೆ ಬಿಡಿ ಜಲ್ಲಿ ಸುರಿದು ಅದರ ಮೇಲೆ ಭಾರದ ಗಾಡಿ ಓಡಿಸಿದರೆ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಕಲ್ಲು ಕೆಳಗೆ ಇಳಿಯುತ್ತದೆ, ಕೆಸರು ಕಲ್ಲಿನ ಸಂದುಗಳಿಂದ ಮೇಲೆ ಏರುತ್ತದೆ. ಜಲ್ಲಿಯ ಬಲವಿರುವುದು ಕಲ್ಲಿಗೆ ಕಲ್ಲು ಒತ್ತಿ ನಿಲ್ಲುವುದರಲ್ಲಿ. ಸಂದುಗಳಲ್ಲಿ ಕೆಸರು ತುಂಬಿದ ಮೇಲೆ ಕಲ್ಲಿದ್ದೂ ಇಲ್ಲದಂತೆ, ಏಕೆಂದರೆ ಆಗ ಭಾರ ಹೊರುವುದು ನಡುವಿನ ಕೆಸರು. ನಾನು ನಾಲ್ಕು ವರ್ಷ ಮಾಡಿದ್ದು ರಸ್ತೆಯ ದುರಸ್ತಿಯಲ್ಲ, ಕೆಸರಿಗೆ ಉಣಿಸುವ ಕೆಲಸ.

ಜಲ್ಲಿ ರಸ್ತೆಯ ಬಗ್ಗೆ ಓದತೊಡಗಿದವರು ಬೇಗನೆ ಎರಡು ಹೆಸರುಗಳನ್ನು ಎದುರುಗೊಳ್ಳುತ್ತಾರೆ. ಇಬ್ಬರೂ ಸ್ಕಾಟ್ಲೆಂಡಿನವರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು: 1756ರಲ್ಲಿ ಹುಟ್ಟಿದ ಜಾನ್ ಲೌಡನ್ ಮೆಕಾಡಂ ಮತ್ತು 1757ರಲ್ಲಿ ಹುಟ್ಟಿದ ಥಾಮಸ್ ಟೆಲ್ಫರ್ಡ್. ಟೆಲ್ಫರ್ಡ್ ಕಲ್ಲುಕುಟಿಗನಾಗಿ ಕೆಲಸ ಕಲಿತವನು. ಅವನ ರಸ್ತೆಯ ತಳದಲ್ಲಿ ಕೈಯಿಂದ ಜೋಡಿಸಿದ ದೊಡ್ಡ ಕಲ್ಲುಗಳ ಹಾಸು ಇರುತ್ತಿತ್ತು. ನಾವು ಇಂದು ಸೋಲಿಂಗ್ ಎನ್ನುವುದು ಅದರ ಬಂಧುವೇ. 1816ರಲ್ಲಿ ಬ್ರಿಸ್ಟಲ್ ಸುತ್ತಲಿನ ಸುಂಕದ ರಸ್ತೆಗಳ ಮೇಲ್ವಿಚಾರಣೆ ವಹಿಸಿಕೊಂಡ ಮೆಕಾಡಂ ಆ ದೊಡ್ಡ ಕಲ್ಲುಗಳು ಬೇಕಿಲ್ಲವೆಂದ. ಅವನ ವಾದದ ತಿರುಳು ಇಷ್ಟು: ಗಾಡಿಯ ಭಾರವನ್ನು ಕೊನೆಗೆ ಹೊರುವುದು ಕೆಳಗಿನ ನೆಲವೇ, ಆ ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತದೆ, ಆದುದರಿಂದ ಸಣ್ಣದಾಗಿ ಒಡೆದ, ಮೂಲೆಗಳಿರುವ ಕಲ್ಲು ಒಂದಕ್ಕೊಂದು ಕಚ್ಚಿಕೊಂಡು ನೆಲಕ್ಕೆ ನೀರು ಇಳಿಯದಂತೆ ತಡೆಯಬೇಕು, ಮತ್ತು ರಸ್ತೆ ಅಕ್ಕಪಕ್ಕದ ನೆಲಕ್ಕಿಂತ ಎತ್ತರದಲ್ಲಿರಬೇಕು. ಎಂದರೆ ಅವನ ಪಾಲಿಗೆ ರಸ್ತೆ ಎಂಬುದು ನೆಲಕ್ಕೆ ಹೊದಿಸಿದ ಮಾಡು. ಸೋಲಿಂಗ್ ಹಾಕಿಸಿ ಎಂದು ನನಗೆ ಹೇಳಿದವರು ಹಲವರಿದ್ದರು. ತೀರ ಮೆತ್ತಗಿರುವ ನೆಲದಲ್ಲಿ ಅವರ ಮಾತಿನಲ್ಲಿ ಹುರುಳಿದೆ, ಆದರೆ ಮಾಡು ಸೋರುತ್ತಿರುವಾಗ ಅಡಿಪಾಯ ಬಲಪಡಿಸುವ ಸಲಹೆ ಅದು ಎಂದು ನನಗೆ ಅನ್ನಿಸಿತು. ನಾನು ಮೆಕಾಡಂನ ಪಕ್ಷ ಹಿಡಿದೆ.

ಮಾಡು ಎಲ್ಲಿ ಸೋರುತ್ತಿದೆ ಎಂದು ನೋಡಲು ಮಳೆಯಲ್ಲೇ ನಡೆಯಬೇಕು. ಒಂದು ಜೋರುಮಳೆಯ ಮಧ್ಯಾಹ್ನ ಕೊಡೆ ಹಿಡಿದು ದಾರಿಯುದ್ದಕ್ಕೂ ಎರಡು ಬಾರಿ ಹೋಗಿ ಬಂದೆ. ಬಿಸಿಲಿನಲ್ಲಿ ನಾಲ್ಕು ವರ್ಷ ನೋಡಿಯೂ ಕಾಣದ ಸಂಗತಿ ಹತ್ತು ನಿಮಿಷದಲ್ಲಿ ಕಂಡಿತು. ನಮ್ಮ ದಾರಿ ಅಕ್ಕಪಕ್ಕದ ನೆಲಕ್ಕಿಂತ ಒಂದು ಗೇಣು ತಗ್ಗಾಗಿತ್ತು. ವರ್ಷಗಟ್ಟಲೆ ಚಕ್ರಗಳು ಕೊರೆದು, ಯಂತ್ರ ಕೆರೆದು, ಕೆರೆದ ಮಣ್ಣು ಎರಡೂ ಅಂಚಿನಲ್ಲಿ ದಿಣ್ಣೆಯಾಗಿ ಕೂತು, ದಾರಿಯೇ ಕಾಲುವೆಯಾಗಿತ್ತು. ಮೇಲಿನ ಜಮೀನಿನ ನೀರು ಬಂದು ಅದರಲ್ಲಿ ಬಿದ್ದು, ಹೊರಹೋಗಲು ಬಾಯಿಲ್ಲದೆ, ಉದ್ದಕ್ಕೂ ಹರಿದು ಅಂಗಳದ ಮುಂದೆ ನಿಲ್ಲುತ್ತಿತ್ತು. ಕಾಲುವೆಯ ತಳಕ್ಕೆ ಜಲ್ಲಿ ಸುರಿದು ಅದನ್ನು ರಸ್ತೆ ಎಂದು ಕರೆಯುತ್ತಿದ್ದೆ.

ಹಾಗಾಗಿ ಮೊದಲ ಕೆಲಸ ಕಲ್ಲಿನದಲ್ಲ, ಚರಂಡಿಯದು. ಇಳಿಜಾರಿನ ಮೇಲ್ಬದಿಯಲ್ಲಿ ದಾರಿಯುದ್ದಕ್ಕೂ ಚರಂಡಿ ತೆಗೆಸಿದೆ. ಅದರ ತಳ ರಸ್ತೆಯ ಜಲ್ಲಿಪದರದ ತಳಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಚರಂಡಿಯ ನೀರೇ ಪಕ್ಕದಿಂದ ಜಲ್ಲಿಯೊಳಗೆ ನುಗ್ಗುತ್ತದೆ. ಆ ನೀರನ್ನು ಕೆಳಬದಿಗೆ ದಾಟಿಸಲು ಒಂದು ಕಡೆ 300 ಮಿ.ಮೀ. ವ್ಯಾಸದ ಪೈಪಿನ ಮೋರಿ. ಪೈಪಿಗೆ ಮೀಟರಿಗೆ 2 ಸೆಂ.ಮೀ. ವಾಟ ಕೊಟ್ಟೆವು, ಮೇಲೆ 30 ಸೆಂ.ಮೀ.ಗಿಂತ ಹೆಚ್ಚು ಮುಚ್ಚಿಗೆ ಇಟ್ಟೆವು, ನೀರು ಬೀಳುವ ಬಾಯಿಯಲ್ಲಿ ನೆಲ ಕೊರೆಯದಂತೆ ದಪ್ಪ ಕಲ್ಲು ಹಾಸಿದೆವು. ಇಲ್ಲಿ ನಾನು ಅವಸರಪಟ್ಟೆ. ಪೈಪಿನ ಎರಡೂ ಪಕ್ಕೆಗಳಿಗೆ ಸ್ವಲ್ಪಸ್ವಲ್ಪವಾಗಿ ಮಣ್ಣು ಕೊಟ್ಟು ದಮ್ಮಸು ಮಾಡುತ್ತ ಬರಬೇಕಾದುದನ್ನು ಯಂತ್ರದ ಬಕೆಟ್ಟಿನಿಂದ ಒಂದೇ ಸಲಕ್ಕೆ ಮುಚ್ಚಿಸಿದೆ. ಮೂರೇ ವಾರಗಳಲ್ಲಿ ಪೈಪಿನ ಮೇಲೆ ದಾರಿಗೆ ಅಡ್ಡಲಾಗಿ ಒಂದು ತಗ್ಗು ಮೂಡಿತು. ಅಗೆದು, ಈ ಸಲ ಹತ್ತು ಹತ್ತು ಸೆಂಟಿಮೀಟರಿನ ಪದರಗಳಲ್ಲಿ, ಪೈಪಿನ ಹೊಟ್ಟೆಯ ಕೆಳಗಿನ ಸಂದಿಗೂ ಕಟ್ಟಿಗೆಯಿಂದ ಮಣ್ಣು ಗಿಡಿದು ಮುಚ್ಚಿದೆವು.

ನಂತರ ಹಳೆಯ ದಾರಿಯನ್ನು ಕೆದಕಿ, ಹುಲ್ಲುಬೇರು ತುಂಬಿದ ಮೇಲ್ಮಣ್ಣನ್ನೆಲ್ಲ ತೆಗೆದು, ಗಟ್ಟಿ ನೆಲ ಸಿಗುವವರೆಗೆ ಇಳಿದೆವು. ಬೇರುಗಳಿರುವ ಮಣ್ಣನ್ನು ಎಷ್ಟು ಬಡಿದರೂ ಪ್ರಯೋಜನವಿಲ್ಲ. ಬೇರು ಕೊಳೆತಾಗ ಅಲ್ಲಿ ಟೊಳ್ಳು ಉಳಿಯುತ್ತದೆ. ನೆಲ ಬಿಚ್ಚಿಕೊಂಡು ಒಂಬತ್ತು ದಿನ ಬಿಸಿಲಿಗೆ ಬಿದ್ದಿತ್ತು, ಆ ಒಂಬತ್ತು ದಿನ ಮನೆಗೆ ನಡೆದೇ ಬಂದೆವು. ಬಳಿಕ ತುಂಬಿದ ಟಿಪ್ಪರನ್ನು ನಡಿಗೆಯ ವೇಗದಲ್ಲಿ ಓಡಿಸಿ, ಹಿಂಚಕ್ರದ ಪಕ್ಕದಲ್ಲಿ ಬಗ್ಗಿ ನಡೆಯುತ್ತ ನೆಲವನ್ನು ನೋಡಿದೆ. ಹೆಚ್ಚಿನ ಕಡೆ ಚಕ್ರದ ಗುರುತು ಮಾತ್ರ ಬಿತ್ತು. ಒಂದು ಕಡೆ ಮಾತ್ರ ಚಕ್ರದ ಮುಂದೆ ನೆಲ ಉಬ್ಬಿ, ಚಕ್ರ ದಾಟಿದ ಮೇಲೆ ಮೆಲ್ಲನೆ ತಗ್ಗಿತು, ಹಾಸಿಗೆಯ ಮೇಲೆ ಯಾರೋ ಮಗ್ಗುಲು ಬದಲಿಸಿದಂತೆ. ಅಲ್ಲಿ ಅರ್ಧ ಮೀಟರ್ ಆಳ ಅಗೆದು ಒದ್ದೆಮಣ್ಣು ತೆಗೆದು ಒಡೆದ ಕಲ್ಲು ತುಂಬಿದೆವು. ಯಾವ ಉಪಕರಣವೂ ಇಲ್ಲದೆ ನೆಲದ ಗುಟ್ಟು ತಿಳಿಯುವ ಇಂತಹ ಪರೀಕ್ಷೆ ಇನ್ನೊಂದಿಲ್ಲ, ಆದರೂ ಮನೆಯ ದಾರಿ ಮಾಡಿಸುವವರಲ್ಲಿ ಇದನ್ನು ಮಾಡುವವರನ್ನು ನಾನು ಕಂಡದ್ದು ಕಡಿಮೆ.

ನೆಲ ಮತ್ತು ಜಲ್ಲಿಯ ನಡುವೆ ಜಿಯೋಟೆಕ್ಸ್‌ಟೈಲ್ ಎಂಬ ಬಟ್ಟೆ ಹಾಸಿದೆ. ಅದು ನೀರನ್ನು ಬಿಡುತ್ತದೆ, ಮಣ್ಣಿನ ಕಣವನ್ನು ಬಿಡುವುದಿಲ್ಲ. ಕೆಸರು ಮೇಲೇರುವುದನ್ನೂ ಕಲ್ಲು ಕೆಳಗಿಳಿಯುವುದನ್ನೂ ತಡೆಯುವುದಷ್ಟೇ ಅದರ ಕೆಲಸ, ಮತ್ತು ನನ್ನ ಗುಂಡಿಯಲ್ಲಿ ಕಂಡ ರೋಗಕ್ಕೆ ಅದೇ ನೇರ ಮದ್ದು. ಒಂದು ಹಾಸಿನ ತುದಿಯ ಮೇಲೆ ಇನ್ನೊಂದು ಅರ್ಧ ಮೀಟರಾದರೂ ಬರಬೇಕು, ಮತ್ತು ಬರಿಯ ಬಟ್ಟೆಯ ಮೇಲೆ ಗಾಡಿ ಹತ್ತಿಸಬಾರದು; ಜಲ್ಲಿಯನ್ನು ಮುಂದಕ್ಕೆ ತಳ್ಳುತ್ತ, ತಳ್ಳಿದ ಜಲ್ಲಿಯ ಮೇಲೆಯೇ ಯಂತ್ರ ಮುಂದುವರಿಯಬೇಕು.

ಇನ್ನು ಕಲ್ಲು. ನನ್ನ ಹಳೆಯ ಎಂಟು ಟಿಪ್ಪರ್‌ಗಳೂ ಒಂದೇ ಗಾತ್ರದ, ಪುಡಿಯಿಲ್ಲದ, ಚೊಕ್ಕ ಜಲ್ಲಿ. ನೋಡುವುದಕ್ಕೆ ಬಲು ಸೊಗಸು. ಆದರೆ ಒಂದೇ ಗಾತ್ರದ ಕಲ್ಲುಗಳು ಎಷ್ಟೇ ಒತ್ತಿದರೂ ನಡುವೆ ದೊಡ್ಡ ಟೊಳ್ಳುಗಳನ್ನು ಉಳಿಸಿಕೊಳ್ಳುತ್ತವೆ ಮತ್ತು ಚಕ್ರದ ಕೆಳಗೆ ಗೋಲಿಗಳಂತೆ ಜಾರುತ್ತವೆ. ಹೊಳೆಯಲ್ಲಿ ಉರುಳಿ ನುಣ್ಣಗಾದ ಕಲ್ಲಾದರೆ ಇನ್ನೂ ಕಷ್ಟ, ಕಚ್ಚಿಕೊಳ್ಳಲು ಅದಕ್ಕೆ ಮೂಲೆಯೇ ಇಲ್ಲ. ಬೇಕಾಗಿರುವುದು ಕ್ರಷರಿನಿಂದ ಬಂದ ಮಿಶ್ರಣ: 40 ಮಿ.ಮೀ.ನಿಂದ ಹಿಡಿದು ಪುಡಿಯವರೆಗೆ ಎಲ್ಲ ಗಾತ್ರಗಳೂ ಇರುವಂಥದ್ದು. ದೊಡ್ಡ ಕಲ್ಲಿನ ಸಂದಿಗೆ ನಡುಗಾತ್ರದ ಕಲ್ಲು, ಅದರ ಸಂದಿಗೆ ಸಣ್ಣದು, ಅದರ ಸಂದಿಗೆ ಪುಡಿ. ನಾನು ಕಸವೆಂದು ಬೇಡವೆನ್ನುತ್ತಿದ್ದ ಪುಡಿಯೇ ದಾರಿಯನ್ನು ಹಿಡಿದಿಡುವುದು. ಎರಡು ಪದರಗಳಿಗೆ ಎರಡು ಬಗೆಯ ಮಿಶ್ರಣ ಬೇಕು ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು. ತಳಪದರದಲ್ಲಿ ನುಣುಪು ಪುಡಿ ಕಡಿಮೆ ಇರಬೇಕು, ಅಲ್ಲಿ ಸೇರಿದ ನೀರು ಇಳಿದುಹೋಗಬೇಕು. ಮೇಲ್ಪದರದಲ್ಲಿ ಕಲ್ಲು 20 ಮಿ.ಮೀ. ದಾಟಬಾರದು, ಮತ್ತು 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣುಪಾದ ಪುಡಿ ತೂಕದ ಶೇಕಡ 8ರಿಂದ 15ರಷ್ಟು, ಅದರಲ್ಲಿ ಸ್ವಲ್ಪ ಅಂಟುಗುಣದ ಜೇಡಿಯೂ ಇರಬೇಕು. ಅಂಟಿಲ್ಲದಿದ್ದರೆ ಬೇಸಗೆಯಲ್ಲಿ ಮೇಲ್ಮೈ ಬಿಚ್ಚಿಕೊಂಡು ಧೂಳಾಗುತ್ತದೆ, ಹೆಚ್ಚಾದರೆ ಮಳೆಯಲ್ಲಿ ಲೊಳೆಯಾಗುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ದಾರಿಯ ಅಗಲ 3.5 ಮೀಟರ್. ತಳಪದರ ಗಟ್ಟಿಯಾದ ಮೇಲೆ 20 ಸೆಂ.ಮೀ., ಮೇಲ್ಪದರ 8 ಸೆಂ.ಮೀ. ಇರಬೇಕೆಂದು ಇಟ್ಟುಕೊಂಡರೆ ಒಟ್ಟು 176 ಘನಮೀಟರ್ ಆಗುತ್ತದೆ. ಆದರೆ ಟಿಪ್ಪರಿನಲ್ಲಿ ಬರುವುದು ಬಿಡಿ ಜಲ್ಲಿ, ರೋಲರಿನ ಕೆಳಗೆ ಅದು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಹಾಗಾಗಿ ತರಿಸಬೇಕಾದದ್ದು ಸುಮಾರು 220 ಘನಮೀಟರ್. ಹಿಂದಿನ ಎಂಟು ಟಿಪ್ಪರ್‌ಗಳು ಈ ಲೆಕ್ಕದ ಹತ್ತಿರವೂ ಬರುವುದಿಲ್ಲ.

ರೋಲರ್ ಬಂದ ದಿನ ನಾನು ಕಲಿತದ್ದನ್ನು ಬರೆಯಲೆಂದೇ ಈ ಬರಹ ಆರಂಭಿಸಿದೆ. ತಳಪದರದ ಜಲ್ಲಿಯನ್ನು ಎರಡು ಸಲ ಹರಡಿ ಎರಡು ಸಲ ಒತ್ತಬೇಕು ಎಂದು ಓದಿದ್ದೆ. ಮೊದಲ 20 ಮೀಟರಿನಲ್ಲಿ, ಕೆಲಸ ಬೇಗ ಮುಗಿಯಲಿ ಎಂದು, 25 ಸೆಂ.ಮೀ. ಬಿಡಿ ಜಲ್ಲಿಯನ್ನು ಒಂದೇ ಸಲಕ್ಕೆ ಹರಡಿಸಿದೆ. ಬಂದಿದ್ದ ರೋಲರ್ ಸಣ್ಣದು. ಅದು ಹತ್ತು ಸಲ ಓಡಾಡಿದ ಮೇಲೆ ಮೇಲ್ಮೈ ಸಿಮೆಂಟಿನಂತೆ ಕಂಡಿತು, ನನಗೆ ಖುಷಿಯಾಯಿತು. ರೋಲರಿನ ಚಾಲಕರು, ನನಗಿಂತ ಹಿರಿಯರು, ಏನೂ ಹೇಳದೆ ಒಂದು ಕಬ್ಬಿಣದ ಸರಳು ತಂದು ನನ್ನ ಕೈಗೆ ಕೊಟ್ಟು, “ಇದನ್ನು ಒಂದು ಸಲ ಇಳಿಸಿ ನೋಡಿ” ಎಂದರು. ಮೇಲಿನ 10 ಸೆಂ.ಮೀ. ಇಳಿಸಲು ಸುತ್ತಿಗೆ ಬೇಕಾಯಿತು, ಅದರ ಕೆಳಗೆ ಸರಳು ಕೈಯೊತ್ತಿಗೇ ಇಳಿಯಿತು. ರೋಲರಿನ ಒತ್ತಡ ಆಳಕ್ಕೆ ಹೋದಂತೆ ಹರಡಿ ಹಗುರಾಗುತ್ತದೆ, ಮೇಲಿನ ಗಟ್ಟಿಪದರ ಕೆಳಗಿನ ಸಡಿಲವನ್ನು ಮುಚ್ಚಿಡುತ್ತದೆ. ಆ 20 ಮೀಟರನ್ನು ಕೆದಕಿ ಅರ್ಧ ಜಲ್ಲಿಯನ್ನು ಮುಂದಕ್ಕೆ ಸಾಗಿಸಿ ಮತ್ತೆ ಮಾಡಿದೆವು.

ಎರಡನೆಯ ಪಾಠ ನೀರಿನದು. ತಿಂಗಳುಗಟ್ಟಲೆ ನೀರನ್ನು ಓಡಿಸುವುದರಲ್ಲೇ ಮುಳುಗಿದ್ದ ನಾನು ಒಣಜಲ್ಲಿಯ ಮೇಲೆಯೇ ರೋಲರ್ ಓಡಲಿ ಎಂದುಕೊಂಡಿದ್ದೆ. “ನೀರು ಕೊಡಿ, ಆಮೇಲೆ ನನ್ನ ಕೆಲಸ” ಎಂದು ಅವರು ಯಂತ್ರ ನಿಲ್ಲಿಸಿ ಇಳಿದುಬಿಟ್ಟರು. ಅವರ ಮಾತಿನ ಹಿಂದಿರುವ ವಿಜ್ಞಾನವನ್ನು 1933ರಲ್ಲಿ ಲಾಸ್ ಏಂಜಲೀಸಿನ ನೀರು ಸರಬರಾಜು ವಿಭಾಗದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್, ಮಣ್ಣಿನ ಅಣೆಕಟ್ಟುಗಳ ಕೆಲಸದ ನಡುವೆ, ಸರಣಿ ಲೇಖನಗಳಲ್ಲಿ ವಿವರಿಸಿದ್ದ. ಅವನ ಹೆಸರಿನ ಪರೀಕ್ಷೆ ಇಂದಿಗೂ ನಡೆಯುತ್ತದೆ: ಒಂದು ಲೀಟರಿಗಿಂತ ತುಸು ಸಣ್ಣದಾದ ಲೋಹದ ಅಚ್ಚಿಗೆ ಮೂರು ಪದರಗಳಲ್ಲಿ ಮಣ್ಣು ಹಾಕಿ, ಪ್ರತಿ ಪದರಕ್ಕೂ ಎರಡೂವರೆ ಕಿಲೋ ತೂಕದ ಬಡಿಗೆಯನ್ನು 30 ಸೆಂ.ಮೀ. ಎತ್ತರದಿಂದ 25 ಸಲ ಬೀಳಿಸಿ, ತೂಗುವುದು. ನೀರಿನ ಪ್ರಮಾಣ ಬದಲಿಸುತ್ತ ಇದನ್ನೇ ಮಾಡಿದರೆ, ಒಣ ಸಾಂದ್ರತೆ ಮೊದಲು ಏರಿ, ಒಂದು ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ. ಒಣಗಿದ ಕಣಗಳು ಒಂದಕ್ಕೊಂದು ತಡೆದು ನಿಲ್ಲುತ್ತವೆ; ಅಷ್ಟಿಷ್ಟು ನೀರು ಅವು ಜಾರಿ ಹತ್ತಿರವಾಗುವಂತೆ ಮಾಡುತ್ತದೆ, ನಡುವಿನ ಗಾಳಿ ಹೊರಬೀಳುತ್ತದೆ. ನೀರು ಹೆಚ್ಚಾದರೆ ಗಾಳಿ ಬಿಟ್ಟುಹೋದ ಜಾಗದಲ್ಲಿ ನೀರೇ ಕೂರುತ್ತದೆ. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ರೋಲರಿನ ಭಾರ ಕಲ್ಲಿಗೆ ತಲುಪದೆ ನೀರಿನ ಮೇಲೆಯೇ ನಿಲ್ಲುತ್ತದೆ. ರಸ್ತೆಗಳ ಕರಾರಿನಲ್ಲಿ ಕಾಣುವ ‘ಪ್ರಾಕ್ಟರ್ 95’ ಎಂದರೆ ಆ ಶಿಖರದ ಶೇಕಡ 95ರಷ್ಟಾದರೂ ಸಾಂದ್ರತೆ ಬರಬೇಕು ಎಂದರ್ಥ.

ನನ್ನಲ್ಲಿ ಅಚ್ಚೂ ಇರಲಿಲ್ಲ, ಬಡಿಗೆಯೂ ಇರಲಿಲ್ಲ. ಚಾಲಕರು ತೋರಿಸಿದ್ದು ಕೈಯ ಪರೀಕ್ಷೆ. ಮಿಶ್ರಣದ ಪುಡಿಭಾಗವನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಅದುಮಬೇಕು. ಕೈ ಬಿಚ್ಚಿದಾಗ ಉದುರಿದರೆ ನೀರು ಸಾಲದು. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಿ ಒಡೆದರೆ ಸರಿ. ಅಂಗೈ ಒದ್ದೆಯಾಗಿ ಹೊಳೆದರೆ ನೀರು ಹೆಚ್ಚಾಗಿದೆ. ಜಲ್ಲಿಮಿಶ್ರಣದಲ್ಲಿ ಈ ಸರಿಯಾದ ಹದ ಸಾಮಾನ್ಯವಾಗಿ ತೂಕದ ಶೇಕಡ 5ರಿಂದ 8ರ ನಡುವೆ ಬರುತ್ತದೆ. ಅದು ಕಡಿಮೆ ಎನ್ನಿಸಬಹುದು. ಆದರೆ 100 ಟನ್ ಮಿಶ್ರಣದ ತೇವವನ್ನು ಶೇಕಡ 2ರಿಂದ 6ಕ್ಕೆ ಏರಿಸಲು 4,000 ಲೀಟರ್ ನೀರು ಬೇಕು. ತೋಟಕ್ಕೆ ಬಿಡುವ ಪೈಪು ಹಿಡಿದು ಮೇಲ್ಮೈ ನೆನೆಸಿದರೆ ಸಾಲದು ಎಂಬುದು ಆ ಲೆಕ್ಕದಿಂದಲೇ ತಿಳಿಯುತ್ತದೆ. ನೀರು ಚಿಮುಕಿಸಿ, ಮಗುಚಿ, ಮತ್ತೆ ಚಿಮುಕಿಸಿ, ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ಒತ್ತಿದರೆ ಹದ ಒಳಗಿನವರೆಗೂ ಸಮನಾಗಿ ಇಳಿದಿರುತ್ತದೆ. ಒಂದು ಸಂಜೆ ನಾನು ಉತ್ಸಾಹದಲ್ಲಿ ಹೆಚ್ಚು ನೀರು ಬಿಟ್ಟೆ. ಮರುದಿನ ರೋಲರಿನ ಮುಂದೆ ಜಲ್ಲಿ ಅಲೆಯಂತೆ ಎದ್ದಿತು, ಒಂದು ಇಡೀ ದಿನ ಒಣಗಲು ಕಾಯಬೇಕಾಯಿತು. ಗಾಡಿ ದಾಟುವಾಗ ಉಬ್ಬಿದ ಆ ಮೆತ್ತನೆಯ ನೆಲದ ನೆನಪಾಯಿತು. ಅಲ್ಲಿ ಮಳೆ ಮಾಡಿದ್ದನ್ನೇ ಇಲ್ಲಿ ನಾನು ಪೈಪು ಹಿಡಿದು ಮಾಡಿದ್ದೆ.

ಒತ್ತುವುದು ಅಂಚಿನಿಂದ ನಡುವಿಗೆ. ನಡುವಿನಿಂದ ಆರಂಭಿಸಿದರೆ ಜಲ್ಲಿ ಹೊರಕ್ಕೆ ಸರಿದು ದಾರಿಯ ಬೆನ್ನು ಚಪ್ಪಟೆಯಾಗುತ್ತದೆ. ಮೊದಲ ಸಲ ಕಂಪನವಿಲ್ಲದೆ, ಬಳಿಕ ಕಂಪನದೊಂದಿಗೆ, ಪ್ರತಿ ಸಾಲೂ ಹಿಂದಿನ ಸಾಲನ್ನು ಸ್ವಲ್ಪ ಮುಚ್ಚುವಂತೆ. ಯಾವಾಗ ಸಾಕು ಎಂದು ಕೇಳಿದಾಗ ಚಾಲಕರು ಕಿವಿ ತೋರಿಸಿದರು. ಆರಂಭದಲ್ಲಿ ರೋಲರಿನ ಸದ್ದು ಮಂದವಾಗಿರುತ್ತದೆ, ಪದರ ಗಟ್ಟಿಯಾದಂತೆ ಸದ್ದು ಬಿಗಿಯಾಗುತ್ತದೆ, ಕೊನೆಗೆ ಉರುಳೆ ನೆಲದಿಂದ ಪುಟಿಯತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದುವರಿಸಿದರೆ ಕಲ್ಲಿನ ಮೂಲೆಗಳು ಮುರಿಯುತ್ತವೆ ಅಷ್ಟೆ.

ಬೆನ್ನಿನ ಬಗ್ಗೆ ಒಂದು ಮಾತು. ಎಂಜಿನಿಯರುಗಳು ಕ್ಯಾಂಬರ್ ಎನ್ನುವ ಈ ನಡುಉಬ್ಬು ಜಲ್ಲಿ ದಾರಿಯಲ್ಲಿ ಸುಮಾರು ಶೇಕಡ 4 ಇರಬೇಕು. ಡಾಂಬರು ರಸ್ತೆಗೆ ಅದರ ಅರ್ಧ ಸಾಕು. ನಮ್ಮ ದಾರಿಯ ಲೆಕ್ಕದಲ್ಲಿ ನಡುವು ಅಂಚಿಗಿಂತ 7 ಸೆಂ.ಮೀ. ಎತ್ತರ. ಒಂದು ಉದ್ದ ಹಲಗೆಯ ಒಂದು ತುದಿಗೆ 7 ಸೆಂ.ಮೀ.ನ ಕಾಲು ಬಡಿದು ಮೇಲೆ ರಸಮಟ್ಟ ಇಟ್ಟುಕೊಂಡು ಹತ್ತು ಹತ್ತು ಹೆಜ್ಜೆಗೆ ಅಳೆದೆ. ನೋಡಿದವರೆಲ್ಲ ಉಬ್ಬು ಹೆಚ್ಚಾಯಿತು ಎಂದರು. ಹೆಚ್ಚಾಗಿಯೇ ಕಾಣುತ್ತದೆ, ಆದರೆ ನೀರು ಉದ್ದಕ್ಕೆ ಹರಿಯುವ ಮೊದಲು ಅಡ್ಡಕ್ಕೆ ಹರಿದು ಚರಂಡಿ ಸೇರಬೇಕಾದರೆ ಅಷ್ಟು ಬೇಕು. ಚಪ್ಪಟೆ ದಾರಿಯಲ್ಲಿ ನಿಂತ ಒಂದು ಬೊಗಸೆ ನೀರನ್ನು ಚಕ್ರ ಚಿಮ್ಮಿದಾಗಲೆಲ್ಲ ಅದರೊಂದಿಗೆ ಪುಡಿಯೂ ಹೋಗುತ್ತದೆ, ಗುಂಡಿ ಆಳವಾಗುತ್ತದೆ, ಆಳವಾದ ಗುಂಡಿ ಇನ್ನಷ್ಟು ನೀರು ಹಿಡಿಯುತ್ತದೆ. ಅಂತಹ ಗುಂಡಿಗೆ ಮೇಲಿನಿಂದ ಜಲ್ಲಿ ತುಂಬಿದರೆ ಅದೇ ಜಾಗದಲ್ಲಿ ಅದು ಮತ್ತೆ ಬಾಯಿ ಬಿಡುತ್ತದೆ. ಗುಂಡಿಯ ತಳದವರೆಗೂ ಸುತ್ತಲ ಪದರವನ್ನು ಕೆದಕಿ, ಹದಮಾಡಿ, ಮತ್ತೆ ಒತ್ತುವುದೊಂದೇ ದಾರಿ.

ಆದರೂ ಗೇಟಿನ ಹತ್ತಿರದ ಏರಿನಲ್ಲಿ ಆರು ತಿಂಗಳಿಗೇ ಅಡ್ಡಗೆರೆಗಳು ಎದ್ದಿವೆ, ಬಟ್ಟೆ ಒಗೆಯುವ ಹಲಗೆಯ ಏಣುಗಳಂತೆ. ಇದು ಗಾಡಿಯ ಸ್ಪ್ರಿಂಗುಗಳ ಕುಣಿತದಿಂದ ಆಗುವುದೆಂದು ನಾನು ತಿಳಿದಿದ್ದೆ. 1960ರ ದಶಕದಲ್ಲಿ ಕೀತ್ ಮೇದರ್ ಮರಳಿನ ವೃತ್ತದ ಮೇಲೆ ಒಂದು ಚಕ್ರವನ್ನು ಸುತ್ತಿಸಿ ಈ ಅಲೆಗಳನ್ನು ಪ್ರಯೋಗಶಾಲೆಯಲ್ಲೇ ಮೂಡಿಸಿದ. 2007ರಲ್ಲಿ ಟಾಬರ್ಲೆ, ಮಾರಿಸ್ ಮತ್ತು ಮೆಕ್‌ಎಲ್ವೇನ್ ಪ್ರಕಟಿಸಿದ ಅಧ್ಯಯನ ಸ್ಪ್ರಿಂಗ್ ಇಲ್ಲದ ಸರಳ ಚಕ್ರವೂ ಅವನ್ನು ಮೂಡಿಸುತ್ತದೆ ಎಂದೂ, ಒಂದು ಮಿತಿಗಿಂತ ಕಡಿಮೆ ವೇಗದಲ್ಲಿ ಮೇಲ್ಮೈ ಚಪ್ಪಟೆಯಾಗಿಯೇ ಉಳಿಯುತ್ತದೆ ಎಂದೂ ತೋರಿಸಿತು. ಆ ಮಿತಿ ಬಹಳ ಕಡಿಮೆ, ಯಾರೂ ಆ ವೇಗದಲ್ಲಿ ಗಾಡಿ ಓಡಿಸುವುದಿಲ್ಲ. ಗೇಟಿನ ಬಳಿ ಎಲ್ಲರೂ ನಿಲ್ಲಿಸುತ್ತಾರೆ, ಎಲ್ಲರೂ ಜೋರಾಗಿ ಹೊರಡುತ್ತಾರೆ, ಬೇಸಗೆಯಲ್ಲಿ ಅಲ್ಲಿಯ ಪುಡಿ ಒಣಗಿ ಹಾರಿಹೋಗಿದೆ. ಆ ಹತ್ತು ಮೀಟರಿಗೆ ಜೇಡಿ ಬೆರೆಸಿದ ಪುಡಿ ಕೊಟ್ಟು, ತೇವವಿರುವಾಗ ಮತ್ತೊಮ್ಮೆ ಒತ್ತಿಸಬೇಕು.

ಮೊದಲ ದೊಡ್ಡ ಮಳೆ ಬಂದದ್ದು ಒಂದು ರಾತ್ರಿ. ಬೆಳಗಾಗುವವರೆಗೆ ಕಾಯಲಾಗದೆ ಟಾರ್ಚು, ಕೊಡೆ ಹಿಡಿದು ಹೊರಟೆ. ದಾರಿಯ ಬೆನ್ನಿನ ಮೇಲೆ ನೀರು ನಿಂತಿರಲಿಲ್ಲ. ತೆಳ್ಳಗೆ ಎರಡೂ ಕಡೆಗೆ ಹರಿಯುತ್ತಿತ್ತು, ಮೋರಿಯ ಬಾಯಿಯಲ್ಲಿ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಬೀಳುತ್ತಿತ್ತು. ನೂರು ಹೆಜ್ಜೆ ದಾಟಿದ ಮೇಲೆ ಬಲಗಡೆಯ ಅಂಚಿನಲ್ಲಿ ಟಾರ್ಚಿನ ಬೆಳಕು ಹೊಳೆಯಿತು. ಜಲ್ಲಿ ಹರಡುವಾಗ ಯಂತ್ರ ಬಿಟ್ಟುಹೋದ, ನಾಲ್ಕು ಬೆರಳು ಎತ್ತರದ ಒಂದು ದಿಣ್ಣೆ ಚರಂಡಿಗೆ ಇಳಿಯುವ ನೀರನ್ನು ಅಡ್ಡಗಟ್ಟಿ ಉದ್ದಕ್ಕೆ ತಿರುಗಿಸಿತ್ತು, ಅದರ ಗುಂಟ ಆಗಲೇ ಸಣ್ಣದೊಂದು ಕೊರಕಲು ಶುರುವಾಗಿತ್ತು. ಮನೆಗೆ ಹೋಗಿ ಗುದ್ದಲಿ ತಂದು, ಕೊಡೆಯನ್ನು ಬದಿಗಿಟ್ಟು, ಎರಡು ಹೆಜ್ಜೆ ಅಗಲಕ್ಕೆ ದಿಣ್ಣೆಯನ್ನು ಕಡಿದೆ. ನಿಂತ ನೀರು ಒಂದು ಕ್ಷಣ ತಡೆದು, ಚರಂಡಿಗೆ ಇಳಿಯಿತು. ಅದೇ ಅಂಚಿನಲ್ಲಿ ಇನ್ನೂ ಮೂರು ಕಡೆ ಕಡಿಯುವುದಿತ್ತು.